ಪಟ್ಟಾಯ ಪ್ಯಾಕೇಜ್ ಬಿಟ್ಟು ಥೈಲ್ಯಾಂಡ್ ನೋಡೋದು ಹೆಂಗೆ

ಬೆಂಗಳೂರಲ್ಲಿ ಯಾವ ಟ್ರಾವೆಲ್ ಏಜೆಂಟ್ ಹತ್ರ ಹೋಗಿ ಥೈಲ್ಯಾಂಡ್ ಅಂದ್ರೂ ಕೈಗೆ ಬರೋದು ಒಂದೇ ಚೀಟಿ. ಎರಡು ರಾತ್ರಿ ಪಟ್ಟಾಯ, ಎರಡು ರಾತ್ರಿ ಬ್ಯಾಂಕಾಕ್, ಕೋರಲ್ ಐಲ್ಯಾಂಡ್, ಸಫಾರಿ, ದಾರೀಲಿ ಒಂದು ಜೆಮ್ಸ್ ಅಂಗಡಿ, ರಾತ್ರಿ ಇಂಡಿಯನ್ ಹೋಟೆಲಲ್ಲಿ ದಾಲ್ ರೋಟಿ. ಆಫೀಸ್ ಗ್ಯಾಂಗ್ ಜೊತೆ ಕುಣ್ಕೊಂಡು ಬರೋಕೆ ಅದು ಸಾಕು ಬಿಡಿ, ನಂದೇನೂ ತಕರಾರಿಲ್ಲ. ಆದ್ರೆ ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋರು, ದೇವಸ್ಥಾನ ಬೆಟ್ಟ ಕಾಡು ಸಮುದ್ರ ಅಂದ್ರೆ ಇಷ್ಟ ಇರೋರು, ಹೋದ ಊರಿನ ಜನ ಏನ್ ತಿಂತಾರೆ ಹೆಂಗೆ ಪೂಜೆ ಮಾಡ್ತಾರೆ ಅಂತ ನೋಡೋ ಕುತೂಹಲ ಇರೋರು, ಇವರೆಲ್ಲ ಆ ಪ್ಯಾಕೇಜ್ ತಗೊಂಡು ಹೋಗಿ "ಅಷ್ಟೇನಾ ಥೈಲ್ಯಾಂಡ್" ಅಂತ ವಾಪಸ್ ಬರ್ತಾರಲ್ಲ, ಅದು ನಂಗೆ ಸಹಿಸೋಕಾಗಲ್ಲ. ನೀವೇ ಪ್ಲಾನ್ ಮಾಡ್ಕೊಳೋದು ಏನೂ ಕಷ್ಟ ಇಲ್ಲ.

ಒಂದೇ ಒಂದು ವಿಷಯದಲ್ಲಿ ಮಾತ್ರ ನಾನು ಹಠ. ಒಂದು ವಾರ ರಜೆ ಇದ್ರೆ ಬ್ಯಾಂಕಾಕ್ ಪ್ಲಸ್ ಒಂದೇ ದಿಕ್ಕು ಇಟ್ಕೊಳಿ, ಉತ್ತರಕ್ಕೆ ಹೋದ್ರೆ ಬೆಟ್ಟ, ದಕ್ಷಿಣಕ್ಕೆ ಹೋದ್ರೆ ಸಮುದ್ರ. ಎರಡೂ ನೋಡ್ತೀನಿ ಅಂತ ಹೊರಟ್ರೆ ಅರ್ಧ ರಜೆ ಏರ್‌ಪೋರ್ಟಲ್ಲೇ ಕಳೆದುಹೋಗುತ್ತೆ, ನಕ್ಷೆ ನೋಡಿ, ಆ ದೇಶ ಮೇಲಿಂದ ಕೆಳಗೆ ಸಿಕ್ಕಾಪಟ್ಟೆ ಉದ್ದ ಇದೆ.

ರಜೆ ಯಾವಾಗ ಅಂತ ಮೊದಲು ನೋಡಿ

ಯಾವ ದಿಕ್ಕು ಅನ್ನೋದನ್ನ ನಿಮ್ಮ ರಜೆನೇ ತೀರ್ಮಾನ ಮಾಡುತ್ತೆ. ಮಕ್ಕಳಿರೋ ಮನೆಗಳಿಗೆ ಸಿಗೋದು ದಸರಾ, ಕ್ರಿಸ್‌ಮಸ್, ಏಪ್ರಿಲ್ ಮೇ, ಇಷ್ಟೇ ತಾನೆ.

ನವೆಂಬರಿಂದ ಫೆಬ್ರವರಿವರೆಗೆ ಬಹುತೇಕ ಕಡೆ ಹವಾ ಸಖತ್, ಉತ್ತರದ ಚಿಯಾಂಗ್ ಮಾಯ್ ಕಡೆ ಬೆಳಗ್ಗೆ ಸ್ವೆಟರ್ ಬೇಕಾಗುತ್ತೆ, ದಕ್ಷಿಣದ ಫುಕೆಟ್ ಕ್ರಾಬಿ ಕಡೆ ಸಮುದ್ರ ಶಾಂತ. ಕ್ರಿಸ್‌ಮಸ್ ವಾರದಲ್ಲಿ ರೇಟ್ ಮಾತ್ರ ಆಕಾಶದಲ್ಲಿರುತ್ತೆ, ಅದಕ್ಕೆ ಮಕ್ಕಳ ಸ್ಕೂಲ್ ತಲೆನೋವು ಇಲ್ಲದೇ ಇರೋರು ಕಾರ್ತಿಕ ಹುಣ್ಣಿಮೆ ಆಸುಪಾಸಲ್ಲಿ ಹೋಗಿ. ಅದೇ ಹುಣ್ಣಿಮೆಗೆ ಅಲ್ಲಿ ಲೋಯ್ ಕ್ರಾಥೊಂಗ್ ಹಬ್ಬ, ಬಾಳೆದಿಂಡಿನ ಬಿಲ್ಲೆ ಮೇಲೆ ಬಾಳೆಲೆ ಹೂವು ಜೋಡಿಸಿ ದೀಪ ಊದುಬತ್ತಿ ಹಚ್ಚಿ ನದೀಲಿ ಬಿಡ್ತಾರೆ, ಚಿಯಾಂಗ್ ಮಾಯಲ್ಲಿ ಅದರ ಜೊತೆಗೆ ಯೀ ಪೆಂಗ್ ಅಂತ ಕಾಗದದ ದೀಪಗಳನ್ನ ಆಕಾಶಕ್ಕೂ ಹಾರಿಸ್ತಾರೆ. ರೂಮ್ ಬೇಗ ಬುಕ್ ಮಾಡಿ, ಇಡೀ ಪ್ರಪಂಚ ಅಲ್ಲಿ ಬಂದಿರುತ್ತೆ.

ದಸರಾ ರಜೆ ಅಂದ್ರೆ ಅಕ್ಟೋಬರ್, ಮಳೆ ಪೂರ್ತಿ ನಿಂತಿರಲ್ಲ. ಆದ್ರೆ ಸುಮಾರು ಅದೇ ಹೊತ್ತಿಗೆ ಫುಕೆಟಲ್ಲಿ ಒಂಬತ್ತು ದಿನದ ಸಸ್ಯಾಹಾರದ ಹಬ್ಬ ನಡೆಯುತ್ತೆ, ಬೀದಿ ಬೀದೀಲಿ ಹಳದಿ ಬಾವುಟ, ಎಲ್ಲ ವೆಜ್ಜು, ನಮ್ಮಂಥ ಪುಳಿಚಾರ್ ಪಾರ್ಟಿಗಳಿಗೆ ವರ್ಷದಲ್ಲಿ ಅದಕ್ಕಿಂತ ಒಳ್ಳೆ ಟೈಮ್ ಇಲ್ಲ. (ಮೆರವಣಿಗೇಲಿ ಕೆನ್ನೆಗೆ ಸರಳು ಚುಚ್ಚಿಕೊಂಡು ಬರೋರು ಇರ್ತಾರೆ, ಚಿಕ್ಕ ಮಕ್ಕಳಿದ್ರೆ ನೋಡ್ಕೊಳಿ.) ಬ್ಯಾಂಕಾಕಿನ ಸಿಲೋಮ್ ರಸ್ತೇಲಿ ತಮಿಳರು ಕಟ್ಟಿದ ಮಾರಿಯಮ್ಮನ ಗುಡಿ ಇದೆ, ಅಲ್ಲೂ ನವರಾತ್ರಿ ಜೋರು, ಮೆರವಣಿಗೆಗೆ ಥಾಯ್ ಜನಾನೂ ಸೇರ್ತಾರೆ.

ಏಪ್ರಿಲ್ ಮೇ ಬಗ್ಗೆ ನೇರವಾಗಿ ಹೇಳ್ಬೇಕಂದ್ರೆ ಬ್ಯಾಂಕಾಕ್ ಆಗ ಕುಲುಮೆ, ಬೆಂಗಳೂರಿನ ಬೇಸಿಗೆಗೇ ಉಸ್ಸಪ್ಪಾ ಅನ್ನೋರು ಯೋಚನೆ ಮಾಡಿ. ಉತ್ತರದಲ್ಲಿ ಹೊಲ ಕಾಡು ಸುಡೋದ್ರಿಂದ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಗೆ ತುಂಬ್ಕೊಂಡಿರುತ್ತೆ, ಬೆಟ್ಟಾನೇ ಕಾಣಲ್ಲ, ಅಸ್ತಮಾ ಇರೋರಂತೂ ಹೋಗ್ಲೇಬೇಡಿ. ಆಗ ಕೊ ಸಮುಯ್ ಕಡೆ ದ್ವೀಪಗಳು ವಾಸಿ. ಏಪ್ರಿಲ್ 13ರಿಂದ 15ರವರೆಗೆ ಸೊಂಗ್‌ಕ್ರಾನ್, ಅವರ ಹೊಸ ವರ್ಷ, ನಮ್ಮ ಸೌರಮಾನ ಯುಗಾದಿ ಹತ್ರಹತ್ರಾನೇ ಬರುತ್ತೆ. ಬೀದೀಲೆಲ್ಲ ನೀರಾಟ, ಯಾರೂ ಒಣಗಿರೋ ಬಟ್ಟೇಲಿ ರೂಮಿಗೆ ವಾಪಸ್ ಬರಲ್ಲ. ಬೆಳಗ್ಗೆ ಬೇಗ ಎದ್ದು ದೇವಸ್ಥಾನಕ್ಕೆ ಹೋಗಿ, ಬುದ್ಧನಿಗೆ ನೀರೆರೆದು ಹಿರಿಯರ ಕೈ ಮೇಲೆ ಪರಿಮಳದ ನೀರು ಹಾಕಿ ಆಶೀರ್ವಾದ ತಗೊಳೋದು ಇರುತ್ತೆ, ಅದನ್ನ ನೋಡದೆ ಬರೀ ವಾಟರ್ ಗನ್ ಹಿಡ್ಕೊಂಡು ಓಡಾಡಿ ಬರೋದು ಲಾಸು.

ಸಮುದ್ರದ ವಿಷಯ ಇನ್ನೊಂದು ಇದೆ. ಪಶ್ಚಿಮದ ಕಡೆ, ಅಂದ್ರೆ ಫುಕೆಟ್ ಕ್ರಾಬಿ ಫಿ ಫಿ, ನೈರುತ್ಯ ಮುಂಗಾರು ಹೊಡೆಯುತ್ತೆ, ಮೇಯಿಂದ ಅಕ್ಟೋಬರ್ ಅಲೆ ಜೋರು. ಪೂರ್ವದ ಕಡೆ ಸಮುಯ್ ಫಂಗಾನ್‌ಗೆ ಜೋರು ಮಳೆ ಅಕ್ಟೋಬರಿಂದ ಡಿಸೆಂಬರ್. ಇಷ್ಟು ತಲೇಲಿ ಇಟ್ಕೊಂಡ್ರೆ "ಆಫರ್ ಇದೆ ಸಾರ್" ಅಂತ ಏಜೆಂಟ್ ಜುಲೈನಲ್ಲಿ ಫಿ ಫಿ ಮಾರೋಕೆ ಬಂದಾಗ ನಕ್ಕು ಸುಮ್ನಾಗ್ಬಹುದು.

ಪೇಪರ್, ಟಿಕೆಟ್, ದುಡ್ಡು

ಬೆಂಗಳೂರಿಂದ ಬ್ಯಾಂಕಾಕಿಗೆ ಡೈರೆಕ್ಟ್ ಫ್ಲೈಟ್ ಇದೆ, ನಾಲ್ಕು ಗಂಟೆ ಆಸುಪಾಸು. ಅಲ್ಲಿ ಎರಡು ಏರ್‌ಪೋರ್ಟ್, ಸುವರ್ಣಭೂಮಿ ಮತ್ತೆ ಡಾನ್ ಮುವಾಂಗ್, ಮುಂದೆ ಚಿಯಾಂಗ್ ಮಾಯ್ ಕ್ರಾಬಿಗೆ ಹೋಗೋ ಟಿಕೆಟ್ ತಗೊಳೋವಾಗ ಎರಡೂ ಒಂದೇ ಏರ್‌ಪೋರ್ಟಾ ಅಂತ ಕಣ್ಣು ಬಿಟ್ಟು ನೋಡಿ, ಇದರಿಂದ ಅದಕ್ಕೆ ಟ್ರಾಫಿಕಲ್ಲಿ ಹೋಗೋದು ಯಾರಿಗೂ ಬೇಡ. ಇಂಡಿಯನ್ ಪಾಸ್‌ಪೋರ್ಟಿಗೆ ವೀಸಾ ಇಲ್ಲದೆ ಬಿಡೋದು 2023ರ ನವೆಂಬರಲ್ಲಿ 30 ದಿನಕ್ಕೆ ಅಂತ ಶುರುವಾಯ್ತು, 2024ರ ಜುಲೈನಲ್ಲಿ ಅದನ್ನ 60 ದಿನ ಮಾಡಿದ್ರು. ಈ ರೂಲ್ಸ್ ಅವರು ಆಗಾಗ ಬದಲಾಯಿಸ್ತಾರೆ, ಟಿಕೆಟ್ ತಗೊಳೋ ದಿನ ಎಂಬಸಿ ಸೈಟ್ ಒಂದ್ಸಲ ನೋಡಿ, ಪಕ್ಕದ ಮನೆಯವರ ಮಾತು ಕೇಳಿ ಹೊರಡ್ಬೇಡಿ. ಪಾಸ್‌ಪೋರ್ಟ್ ಇನ್ನೂ ಆರು ತಿಂಗಳು ಬಾಳಿಕೆ ಇರ್ಲಿ.

2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯ, ಇಳಿಯೋಕೆ ಮೂರು ದಿನ ಇದ್ದಾಗಿಂದ ಆನ್‌ಲೈನಲ್ಲಿ ತುಂಬ್ಬಹುದು. ಅದು ಫ್ರೀ. ಗೂಗಲ್ ಮಾಡಿದ್ರೆ ಮೊದಲು ಬರೋ ಸೈಟ್‌ಗಳು ಕೆಲವು ದುಡ್ಡು ಕೇಳ್ತವೆ, ಅವೆಲ್ಲ ಟೋಪಿ, ಅಡ್ರೆಸ್ಸಿನ ಕೊನೇಲಿ ಗೋ ಡಾಟ್ ಟಿಎಚ್ ಇರೋ ಸರ್ಕಾರಿ ಸೈಟಲ್ಲೇ ತುಂಬಿ. ರಿಟರ್ನ್ ಟಿಕೆಟ್, ಹೋಟೆಲ್ ಬುಕಿಂಗ್ ಪ್ರಿಂಟ್ ತಗೊಂಡು ಕೈಯಲ್ಲಿ ಇಟ್ಕೊಳಿ, ಕೌಂಟರಲ್ಲಿ ಕೇಳಿದ್ರೆ ಮೊಬೈಲ್ ಚಾರ್ಜ್ ಇಲ್ಲ ಅಂತ ಒದ್ದಾಡ್ಬೇಡಿ.

ಅವರ ದುಡ್ಡಿನ ಹೆಸರು ಬಾತ್, ಅದನ್ನ ಮೂರರಿಂದ ಗುಣಿಸಿ ರೂಪಾಯಿ ಲೆಕ್ಕ ಹಾಕ್ಕೊಳಿ, ಅಂದಾಜಿಗೆ ಸಾಕು. ಅಲ್ಲಿ ಎಟಿಎಮ್ಮಲ್ಲಿ ಹೊರಗಿನ ಕಾರ್ಡ್ ಹಾಕಿದ್ರೆ ಪ್ರತಿ ಸಲ 200 ಬಾತ್ ಮೇಲೆ ಫೀಸ್ ಕೀಳ್ತಾರೆ, ಚೂರು ಚೂರು ತೆಗೀಬೇಡಿ. ಇಲ್ಲಿ ಎಂಜಿ ರೋಡಲ್ಲಿ ಸ್ವಲ್ಪ ಬಾತ್, ಸ್ವಲ್ಪ ಡಾಲರ್ ತಗೊಂಡು ಹೋಗಿ, ಡಾಲರ್ ನೋಟ್ ಹೊಸದಾಗಿ ನೀಟಾಗಿ ಇರ್ಲಿ, ಊರೊಳಗಿನ ಎಕ್ಸ್‌ಚೇಂಜಲ್ಲಿ ಬದಲಾಯಿಸಿದ್ರೆ ಏರ್‌ಪೋರ್ಟಿಗಿಂತ ಒಳ್ಳೆ ರೇಟ್ ಸಿಗುತ್ತೆ. ಎಳನೀರಿಗೂ ಸ್ಕ್ಯಾನ್ ಮಾಡೋ ನಮ್ಮ ಯುಪಿಐ ಅಭ್ಯಾಸ ಅಲ್ಲಿ ನಂಬ್ಕೊಬೇಡಿ, ತಳ್ಳುಗಾಡಿ ಊಟಕ್ಕೆ ಕ್ಯಾಶೇ.

ಬ್ಯಾಂಕಾಕಲ್ಲಿ ಹಳೇ ಊರು

ಮಾಲ್ ನೋಡೋಕೆ ನಮ್ಮಲ್ಲೇ ಬೇಕಾದಷ್ಟಿವೆ, ಆ ಟೈಮನ್ನ ಚಾವೊ ಫ್ರಾಯಾ ನದಿ ದಡದ ಹಳೇ ಊರಿಗೆ ಕೊಡಿ. ಗ್ರ್ಯಾಂಡ್ ಪ್ಯಾಲೆಸ್ ಬೆಳಗ್ಗೆ ಎಂಟೂವರೆಗೆ ತೆಗೆಯುತ್ತೆ, ಟಿಕೆಟ್ 500 ಬಾತ್, ದುಬಾರಿ ಅನ್ಸುತ್ತೆ ಆದ್ರೂ ಕೊಡಿ. ಮೊದಲ ಅರ್ಧ ಗಂಟೆ ಬಿಟ್ರೆ ಆಮೇಲೆ ಟೂರ್ ಬಸ್ ಜನ ಜಾತ್ರೆ. ಭುಜ ಮಂಡಿ ಮುಚ್ಚಿರ್ಬೇಕು, ಚಡ್ಡಿ ಸ್ಲೀವ್‌ಲೆಸ್ ಲೆಗ್ಗಿಂಗ್ಸ್ ಹಾಕ್ಕೊಂಡು ಹೋದ್ರೆ ಗೇಟಲ್ಲೇ ವಾಪಸ್. ಚೂಡಿದಾರ್ ಹಾಕ್ಕೊಂಡು ಬಂದ ಅಮ್ಮಂದಿರು ಆರಾಮಾಗಿ ಒಳಗೆ ಹೋಗ್ತಾರೆ, ಚಡ್ಡಿ ಹಾಕಿರೋ ಮಗ ಹೊರಗೆ ಆನೆ ಚಿತ್ರದ ಪ್ಯಾಂಟ್ ಖರೀದಿ ಮಾಡ್ತಾ ನಿಂತಿರ್ತಾನೆ.

ಇಲ್ಲಿ ಗೈಡ್ ಬೇಕಾ ಅಂತ ಕೇಳ್ತಾರೆ ಜನ. ರಾಮಾಯಣ ಕೇಳ್ಕೊಂಡು ಬೆಳೆದಿರೋರಿಗೆ ಅರ್ಧ ಕೆಲಸ ಆಗೇ ಹೋಗಿರುತ್ತೆ ಅಂತೀನಿ ನಾನು. 1782ರಲ್ಲಿ ಮೊದಲನೇ ರಾಮ ಅಂತ ಕರೆಯೋ ರಾಜ ಈ ಅರಮನೆ ಕಟ್ಟಿಸೋಕೆ ಶುರು ಮಾಡಿದ್ದು, ಈಗಿನ ರಾಜ ಅದೇ ವಂಶದ ಹತ್ತನೇ ರಾಮ. ಒಳಗಿನ ವಾಟ್ ಫ್ರಾ ಕೇವ್ ದೇವಸ್ಥಾನದ ಸುತ್ತ ಇರೋ ಉದ್ದದ ಪ್ರಾಕಾರದ ಗೋಡೆ ಪೂರ್ತಿ ಅವರ ರಾಮಾಯಣ, ರಾಮಕಿಯನ್, 178 ಚಿತ್ರಗಳಲ್ಲಿ. ಜನ ಹಸಿರು ಬುದ್ಧನ್ನ ನೋಡಿ ಸೆಲ್ಫಿ ಹೊಡ್ಕೊಂಡು ಈ ಗೋಡೆ ಪಕ್ಕದಲ್ಲೇ ನಡ್ಕೊಂಡು ಹೋಗಿಬಿಡ್ತಾರೆ, ನೀವು ಹಂಗ್ ಮಾಡ್ಬೇಡಿ, ಕಮ್ಮಿ ಅಂದ್ರೂ ಒಂದು ಗಂಟೆ ಇಟ್ಕೊಳಿ. ಮಕ್ಕಳಿಗೆ ಹಸಿರು ಮೈಯ ದಶಕಂಠನ್ನ, ಅವರು ತೊಸಕನ್ ಅಂತಾರೆ, ಹುಡುಕೋ ಕೆಲಸ ಕೊಡಿ. ಬಿಳೀ ಹನುಮಂತನ್ನ ಹುಡುಕ್ಸಿ. ಅಲ್ಲಿಯ ಹನುಮಂತ ಬ್ರಹ್ಮಚಾರಿ ಅಲ್ಲ, ಸೇತುವೆ ಕಟ್ಟೋವಾಗ ಕಲ್ಲು ಕದಿಯೋಕೆ ಬಂದ ರಾವಣನ ಮಗಳು ಸುವನ್ನಮಚ್ಛಾ ಅನ್ನೋ ಮತ್ಸ್ಯಕನ್ಯೆಗೇ ಮನಸೋತು ಮಗನೂ ಹುಟ್ತಾನೆ, ಇದನ್ನ ಮನೇಲಿ ಅಜ್ಜಿಗೆ ಹೇಳೋದಾ ಬೇಡ್ವಾ ನೀವೇ ನೋಡ್ಕೊಳಿ. ಗರ್ಭಗುಡಿ ಒಳಗಿರೋ ಹಸಿರು ಬುದ್ಧ 66 ಸೆಂಟಿಮೀಟರ್ ಎತ್ತರ ಅಷ್ಟೇ, ಬೇಸಿಗೆ ಮಳೆ ಚಳಿ ಅಂತ ವರ್ಷಕ್ಕೆ ಮೂರು ಸಲ ಅವನಿಗೆ ಬಟ್ಟೆ ಬದಲಾಯಿಸ್ತಾರೆ, ರಾಜಾನೇ ಬಂದು ಮಾಡೋ ಶಾಸ್ತ್ರ ಅದು.

ಅದೇ ಟಿಕೆಟಲ್ಲಿ ಸಾಲಾ ಚಲೆರ್ಮ್‌ಕ್ರುಂಗ್ ಥಿಯೇಟರಲ್ಲಿ ಖೋನ್ ಮುಖವಾಡ ನೃತ್ಯ ನೋಡೋಕೆ ಸಾಮಾನ್ಯವಾಗಿ ಅವಕಾಶ ಇರುತ್ತೆ, ಟಿಕೆಟ್ ಎಸೀಬೇಡಿ, ಕೌಂಟರಲ್ಲೇ ಟೈಮ್ ಕೇಳ್ಕೊಳಿ. ಯಕ್ಷಗಾನ ನೋಡೋ ಕಣ್ಣಿಗೆ ಇದು ತಕ್ಷಣ ಹಿಡಿಸುತ್ತೆ, ವೇಷ ನೋಡಿದ ಕೂಡ್ಲೇ ಇವನು ರಾಕ್ಷಸ ಇವನು ಕಪಿ ಅಂತ ಗೊತ್ತಾಗುತ್ತೆ, ಕುಣಿಯೋರು ಬಾಯಿ ಬಿಡಲ್ಲ, ಪಕ್ಕದಲ್ಲಿ ಕೂತೋರು ಕಥೆ ಹೇಳ್ತಾರೆ.

ಪ್ಯಾಲೆಸ್ ಪಕ್ಕದಲ್ಲೇ ವಾಟ್ ಫೋ, 46 ಮೀಟರ್ ಉದ್ದ ಮಲಗಿರೋ ಬುದ್ಧ. ಮುಖ ನೋಡಿ ಬಂದುಬಿಡ್ಬೇಡಿ, ಪಾದದ ಹತ್ರ ಹೋಗಿ, ಮುತ್ತಿನ ಚಿಪ್ಪಲ್ಲಿ 108 ಮಂಗಳ ಚಿಹ್ನೆ ಕೂರಿಸಿದ್ದಾರೆ. ಥಾಯ್ ಮಸಾಜ್ ಮಾಡಿಸ್ಕೊಳೋದಾದ್ರೆ ಇಲ್ಲೇ, ಇದು ಅದರ ಹಳೇ ಪಾಠಶಾಲೆ, ಮನೆಯವರ ಜೊತೆ ಮುಜುಗರ ಇಲ್ಲದೆ ಹೋಗ್ಬಹುದು. ಆಮೇಲೆ ಥಾ ತಿಯೆನ್ ದೋಣಿಕಟ್ಟೆಯಿಂದ ಚಿಲ್ಲರೆ ಕಾಸಿಗೆ ಆಚೆ ದಡ, ವಾಟ್ ಅರುಣ್. ಹೆಸರು ಮುಂಜಾನೆಯ ಅರುಣಂದು, ನೋಡೋಕೆ ಚೆಂದ ಸಂಜೆಗೆ, ಅದೂ ಈಚೆ ದಡದಿಂದ.

ಟೈಮ್ ಇದ್ರೆ ಸಾವೊ ಚಿಂಗ್ ಚಾ ಅನ್ನೋ ಕೆಂಪು ಉಯ್ಯಾಲೆ ಕಂಬದ ಹತ್ರ ದೇವಸ್ಥಾನ್ ಅಂತ ಒಂದು ಗುಡಿ ಇದೆ, ರಾಜಮನೆತನದ ಬ್ರಾಹ್ಮಣ ಪುರೋಹಿತರದ್ದು. ಟೂರಿಸ್ಟ್ ಬರೋದೇ ಕಮ್ಮಿ. ಮೇ ತಿಂಗಳಲ್ಲಿ ರಾಜನ ಸಮ್ಮುಖದಲ್ಲಿ ಎತ್ತು ಕಟ್ಟಿ ನೇಗಿಲು ಹೂಡೋ ಶಾಸ್ತ್ರ ನಡೆಸೋರು ಇವರೇ. ಎರಾವಾನ್ ಬ್ರಹ್ಮನ ಗುಡಿ ಮಾತ್ರ ಮಾಲ್‌ಗಳ ಮಧ್ಯೆ, ಸ್ಕೈಟ್ರೇನ್ ಕೆಳಗೆ, 1956ರದ್ದು, ಹರಕೆ ತೀರಿದೋರು ದುಡ್ಡು ಕೊಟ್ಟು ನೃತ್ಯ ಮಾಡಿಸ್ತಾರೆ. ನಮ್ಮಲ್ಲಿ ಬ್ರಹ್ಮಂಗೆ ಗುಡಿ ಹುಡುಕ್ಬೇಕು, ಅಲ್ಲಿ ಟ್ರಾಫಿಕ್ ಸಿಗ್ನಲಲ್ಲೇ ಕೂತಿದ್ದಾನೆ.

ಓಡಾಟಕ್ಕೆ ಸ್ಕೈಟ್ರೇನ್, ಮೆಟ್ರೋ, ನದೀಲಿ ಆರೆಂಜ್ ಬಾವುಟದ ದೋಣಿ. ಸಫಾನ್ ತಕ್ಸಿನ್ ಸ್ಟೇಷನಲ್ಲಿ ಇಳಿದ್ರೆ ಕೆಳಗೇ ದೋಣಿಕಟ್ಟೆ. ರಸ್ತೇಲಿ ಸಂಜೆ ಹೊತ್ತು ಟ್ಯಾಕ್ಸಿ ಹತ್ತೋದು ಸಿಲ್ಕ್ ಬೋರ್ಡಲ್ಲಿ ಬದುಕಿ ಬಂದೋರಿಗೂ ಸಾಕಾಗಿ ಹೋಗುತ್ತೆ. ಗ್ರ್ಯಾಬ್, ಬೋಲ್ಟ್ ಅನ್ನೋ ಟ್ಯಾಕ್ಸಿ ಆಪ್ ಇಲ್ಲೇ ಹಾಕ್ಕೊಂಡು ಹೋಗಿ.

ಒಂದು ದಿನ ಅಯುತ್ಥಯಾಗೆ. ಬ್ಯಾಂಕಾಕಿಂದ ಸುಮಾರು 80 ಕಿಲೋಮೀಟರ್, ಸಾದಾ ಟ್ರೇನಲ್ಲಿ ಮೂರನೇ ಕ್ಲಾಸಲ್ಲಿ ಕಿಟಕಿ ತೆಗೆದು ಗಾಳಿ ಕುಡ್ಕೊಂಡು ಹೋಗಿ, ಟಿಕೆಟ್ ಒಂದು ಕಾಫಿಗಿಂತ ಕಮ್ಮಿ. 1350ರಿಂದ 1767ರವರೆಗೆ ರಾಜಧಾನಿ ಆಗಿತ್ತು, ಬರ್ಮಾದವರು ಸುಟ್ಟು ಹಾಕಿದ್ರು, ಇಟ್ಟಿಗೆ ಗೋಪುರ, ತಲೆ ಇಲ್ಲದ ಬುದ್ಧರ ಸಾಲು, ಹಂಪಿ ನೋಡಿದೋರಿಗೆ ವಿವರಿಸೋದೇ ಬೇಡ. ವಾಟ್ ಮಹಾಥಾತಲ್ಲಿ ಮರದ ಬೇರು ಹಿಡ್ಕೊಂಡಿರೋ ಬುದ್ಧನ ತಲೆ ಇದೆ, ಫೋಟೋಗೆ ಕೂತ್ಕೊಳಿ ಅಥವಾ ಮಂಡಿ ಊರಿ, ನಿಮ್ಮ ತಲೆ ಅದಕ್ಕಿಂತ ಮೇಲಿರೋಹಾಗಿಲ್ಲ, ಕಾವಲಿನವರು ಬೈತಾರೆ. ಸೈಕಲ್ ಬಾಡಿಗೆಗೆ ಸಿಗುತ್ತೆ, ಟೋಪಿ ನೀರು ಮರೀಬೇಡಿ, ನೆರಳು ಕಮ್ಮಿ.

ಉತ್ತರಕ್ಕಾ ದಕ್ಷಿಣಕ್ಕಾ

ನನ್ನನ್ನ ಕೇಳಿದ್ರೆ ಸಂಸ್ಕೃತಿ ನೋಡೋಕೆ ಹೊರಟೋರಿಗೆ ಉತ್ತರ. ಸಂಜೆ ಬ್ಯಾಂಕಾಕಲ್ಲಿ ಸ್ಲೀಪರ್ ಟ್ರೇನ್ ಹತ್ತಿದ್ರೆ ಬೆಳಗ್ಗೆ ಚಿಯಾಂಗ್ ಮಾಯ್, ಒಂದು ರಾತ್ರಿ ಹೋಟೆಲ್ ಖರ್ಚೂ ಉಳೀತು, ಕೆಳಗಿನ ಬರ್ತ್ ಅಗಲ ಇರುತ್ತೆ, ವಯಸ್ಸಾದೋರಿಗೆ ಅದೇ ಬುಕ್ ಮಾಡಿ. 1296ರಲ್ಲಿ ಮಂಗ್‌ರಾಯ್ ರಾಜ ಕಟ್ಟಿದ ಊರು, ಕಂದಕ ಈಗಲೂ ಚೌಕಾಕಾರಕ್ಕೆ ಸುತ್ತಲೂ ಇದೆ, ಅದರ ಒಳಗೇ ರೂಮ್ ಹಿಡೀರಿ, ನಡ್ಕೊಂಡೇ ಎಲ್ಲ ಸಿಗುತ್ತೆ. ವಾಟ್ ಚೆದಿ ಲುವಾಂಗ್ ಗೋಪುರ 1545ರ ಭೂಕಂಪದಲ್ಲಿ ಮುರಿದದ್ದು ಇವತ್ತಿಗೂ ಹಂಗೇ ನಿಂತಿದೆ, ಬ್ಯಾಂಕಾಕಲ್ಲಿ ನೋಡಿದ್ರಲ್ಲ ಹಸಿರು ಬುದ್ಧ, ಅವನು ಒಂದು ಕಾಲಕ್ಕೆ ಇದ್ದದ್ದು ಇಲ್ಲೇ. ಆವರಣದಲ್ಲಿ ಮರದ ಕೆಳಗೆ ಭಿಕ್ಷುಗಳ ಜೊತೆ ಕೂತು ಮಾತಾಡೋ ವ್ಯವಸ್ಥೆ ಇದೆ, ಅವರಿಗೆ ಇಂಗ್ಲಿಷ್ ಪ್ರಾಕ್ಟೀಸು, ನಿಮಗೆ ಬೌದ್ಧ ಧರ್ಮದ ಪಾಠ.

ದೊಯ್ ಸುಥೆಪ್ ಬೆಟ್ಟಕ್ಕೆ ಸೊಂಗ್‌ತೆವ್ ಅನ್ನೋ ಕೆಂಪು ಶೇರ್ ಗಾಡೀಲಿ ಹೋಗಿ, ನಾಗರ ಹೆಡೆಯ ಕೈಪಿಡಿ ಇರೋ 300ಕ್ಕೂ ಹೆಚ್ಚು ಮೆಟ್ಟಿಲು, ಮಂಡಿ ನೋವಿರೋರಿಗೆ ಪಕ್ಕದಲ್ಲೇ ಲಿಫ್ಟ್ ಥರದ ಗಾಡಿ ಇದೆ. ದೊಯ್ ಇಂಥನೊನ್ ಬೇರೆ, ಅದು 2565 ಮೀಟರ್, ದೇಶದ ಅತಿ ಎತ್ತರದ ತುದಿ, ದಾರೀಲಿ ಜಲಪಾತ, ಮೋಡದೊಳಗಿನ ಕಾಡು, ಕಾಫಿ ತೋಟ. ಒಂದು ಕಾಲಕ್ಕೆ ಆ ಬೆಟ್ಟಗಳಲ್ಲಿ ಅಫೀಮು ಬೆಳೀತಿದ್ರು, 1969ರಿಂದ ರಾಜ ಭೂಮಿಬೊಲ್ ಶುರು ಮಾಡಿದ ರಾಯಲ್ ಪ್ರಾಜೆಕ್ಟ್ ಅದನ್ನ ಬಿಡಿಸಿ ಕಾಫಿ ಹಣ್ಣು ತರಕಾರಿ ಹಾಕಿಸ್ತು. ಅಲ್ಲಿ ಸಿಗೋದು ಅರೇಬಿಕಾ, ಚಿಕೋರಿ ಹಾಕಿದ ಫಿಲ್ಟರ್ ಕಾಫಿ ನಾಲಿಗೆಗೆ ಮೊದಲು ಹುಳಿ ಅನ್ಸುತ್ತೆ, ಎರಡನೇ ಕಪ್ ಕುಡೀರಿ. ಭಾನುವಾರ ಊರಲ್ಲಿರೋಹಾಗೆ ನೋಡ್ಕೊಳಿ, ರಾಚದಮ್ನೊಯನ್ ರಸ್ತೇಲಿ ಸಂಜೆ ಸಂತೆ. ಪಾಯ್ ಅನ್ನೋ ಊರಿಗೆ ಹೋಗೋರು ವಾಂತಿ ಮಾತ್ರೆ ತಗೊಳಿ, ದಾರೀಲಿ 762 ತಿರುವು ಅಂತ ಟೀಶರ್ಟಲ್ಲೇ ಪ್ರಿಂಟ್ ಹಾಕಿ ಮಾರ್ತಾರೆ.

ಆನೆ ಸವಾರಿ ಮಾಡ್ಬೇಡಿ. ಸವಾರಿ, ಚಿತ್ರ ಬಿಡಿಸೋದು, ಫುಟ್‌ಬಾಲ್ ಆಡ್ಸೋದು ಇರೋ ಜಾಗಕ್ಕೆ ದುಡ್ಡು ಕೊಡ್ಬೇಡಿ, ದೂರದಿಂದ ನೋಡೋಕಷ್ಟೇ ಬಿಡೋ ಆಶ್ರಯಧಾಮಗಳು ಇವೆ, ಚಿಯಾಂಗ್ ಮಾಯ್ ಹತ್ರದ ಎಲಿಫೆಂಟ್ ನೇಚರ್ ಪಾರ್ಕ್ ಥರದ್ದು.

ದಕ್ಷಿಣಕ್ಕೆ ಹೋಗೋದಾದ್ರೆ ಫುಕೆಟ್ ಪಾತೊಂಗ್ ಬೀಚ್ ಬಿಟ್ಟು ಕ್ರಾಬಿ ಹಿಡೀರಿ. ಅಲ್ಲಿಯ ರೈಲೇ ಅನ್ನೋ ಬೀಚಿಗೆ ರಸ್ತೆನೇ ಇಲ್ಲ, ಸುಣ್ಣಕಲ್ಲಿನ ಬಂಡೆ ಅಡ್ಡ, ಆವೊ ನಾಂಗಿಂದ ದೋಣೀಲೇ ಹೋಗ್ಬೇಕು, ಮೊಣಕಾಲು ನೀರಲ್ಲಿ ಇಳೀಬೇಕಾಗುತ್ತೆ, ಚಕ್ರದ ಸೂಟ್‌ಕೇಸ್ ತಗೊಂಡು ಹೋಗೋರನ್ನ ನೋಡಿ ದೋಣಿಯವರೇ ನಗ್ತಾರೆ. ಫಾಂಗ್ ಙಾ ಕೊಲ್ಲಿಯಲ್ಲಿ ಸಮುದ್ರದಿಂದ ನೆಟ್ಟಗೆ ಎದ್ದಿರೋ ಬಂಡೆಗಳ ಗುಹೆ ಒಳಗೆ ಕಯಾಕಲ್ಲಿ ಕರ್ಕೊಂಡು ಹೋಗ್ತಾರೆ. ಫಿ ಫಿಯ ಮಾಯಾ ಬೇ 2018ರಲ್ಲಿ ಹವಳ ಹಾಳಾಯ್ತು ಅಂತ ಮುಚ್ಚಿ 2022ರಲ್ಲಿ ತೆಗೆದ್ರು, ಈಗಲೂ ಆಗಸ್ಟ್ ಸೆಪ್ಟೆಂಬರ್ ಬಂದ್, ನೀರಿಗಿಳಿದು ಈಜೋಕೂ ಬಿಡಲ್ಲ, ಅದಕ್ಕೋಸ್ಕರ ಅಷ್ಟು ದುಡ್ಡು ಸುರೀಬೇಕಾ ಅಂತ ನನ್ನ ಅನುಮಾನ. ಅದರ ಬದ್ಲು ಒಳನಾಡಿನ ಖಾವೊ ಸೊಕ್ ಕಾಡಿಗೆ ಹೋಗಿ, ಚಿಯಾವ್ ಲಾನ್ ಅಣೆಕಟ್ಟಿನ ಹಿನ್ನೀರಲ್ಲಿ ತೇಲೋ ಗುಡಿಸಲಲ್ಲಿ ಒಂದು ರಾತ್ರಿ ಇರಿ, ಬೆಳಗ್ಗೆ ಗಿಬ್ಬನ್ ಕೂಗ್ತವೆ. ಈಜು ಬರದೇ ಇರೋರು, ಅಂದ್ರೆ ನಮ್ಮಲ್ಲಿ ಬಹುತೇಕ ಎಲ್ಲರೂ, ಲೈಫ್ ಜಾಕೆಟ್ ಬಕಲ್ ಹಾಕ್ದೆ ದೋಣಿ ಹತ್ತಬೇಡಿ, ಬೀಚಲ್ಲಿ ಕೆಂಪು ಬಾವುಟ ಇದ್ರೆ ಪಾದನೂ ನೆನೆಸ್ಬೇಡಿ.

ಊಟದ ವಿಷಯ

ವೆಜ್ ಸಿಗಲ್ಲ ಅಂತ ಎಂಟಿಆರ್ ಪ್ಯಾಕೆಟ್ ಒಂದು ಸೂಟ್‌ಕೇಸ್ ತುಂಬ ತಗೊಂಡು ಹೋಗೋರಿದ್ದಾರೆ, ಅಷ್ಟು ಬೇಡ. ಸಮಸ್ಯೆ ಏನಂದ್ರೆ ಕಣ್ಣಿಗೆ ಕಾಣೋ ಮಾಂಸ ಅಲ್ಲ, ಕಾಣದೇ ಇರೋ ಮೀನಿನ ಸಾಸು. ನಾಮ್ ಪ್ಲಾ ಎಲ್ಲದಕ್ಕೂ ಹಾಕ್ತಾರೆ, ಸೊಮ್ ತಮ್ ಅನ್ನೋ ಪಪಾಯಿ ಕೋಸಂಬರಿಗೆ ಒಣಸೀಗಡಿ ಬೀಳುತ್ತೆ, ಕರಿ ಪೇಸ್ಟಲ್ಲೇ ಸೀಗಡಿ ಅರೆದಿರ್ತಾರೆ. "ವೆಜಿಟೇರಿಯನ್" ಅಂದ್ರೆ ಚಿಕನ್ ತೆಗೆದು ಅದೇ ಸಾಸಲ್ಲಿ ಕೊಡ್ತಾರೆ, ಅವರ ಪ್ರಕಾರ ಅದು ಸರಿ. ಅದಕ್ಕೆ "ಜೇ" ಅನ್ನಿ. ಹಳದಿ ಬೋರ್ಡಲ್ಲಿ ಕೆಂಪು ಅಕ್ಷರ ಇರೋ ಅಂಗಡಿ ಹುಡುಕಿ, ಅಲ್ಲಿ ಮಾಂಸ ಮೊಟ್ಟೆ ಮೀನಿನ ಸಾಸು ಏನೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿನೂ ಹಾಕಲ್ಲ, ಮಡಿ ಅಜ್ಜಿ ಕೂಡ ತಿನ್ಬಹುದು. ಬೇರೆ ಕಡೆ "ಮೈ ಸೈ ನಾಮ್ ಪ್ಲಾ", ಮೀನಿನ ಸಾಸು ಹಾಕ್ಬೇಡಿ, "ಮೈ ಸೈ ಖಾಯ್", ಮೊಟ್ಟೆ ಬೇಡ. ಗಂಡಸರು ಕೊನೇಲಿ ಖ್ರಪ್, ಹೆಂಗಸರು ಖಾ ಸೇರಿಸಿದ್ರೆ ಮರ್ಯಾದೆ. "ಮೈ ಫೆಟ್" ಅಂದ್ರೆ ಖಾರ ಬೇಡ. ಆಂಧ್ರ ಮೆಸ್ ಊಟ ತಿಂದೋನು ನಾನು ಅಂತ ಬೀಗ್ಬೇಡಿ, ಆ ಪುಟಾಣಿ ಮೆಣಸಿನಕಾಯಿ ಬೇರೆ ಲೆವೆಲ್ಲು.

ಮಾಂಸ ತಿನ್ನೋರಿಗೆ ನಾನೇನೂ ಹೇಳ್ಬೇಕಿಲ್ಲ, ಉತ್ತರದಲ್ಲಿ ಖಾವೊ ಸೊಯ್ ಮಾತ್ರ ತಪ್ಪಿಸ್ಬೇಡಿ, ತೆಂಗಿನಹಾಲಿನ ಸಾರಲ್ಲಿ ನೂಡಲ್ಸ್, ಮೇಲೆ ಕರಿದ ನೂಡಲ್ಸ್. ಏಪ್ರಿಲ್ ಮೇಗೆ ಹೋದೋರಿಗೆ ಬಿಸಿಲಿನ ಪರಿಹಾರ ಅಂದ್ರೆ ಮಾವಿನಹಣ್ಣು, ಅಂಟು ಅನ್ನ, ಮೇಲೆ ತೆಂಗಿನಹಾಲು. ತೀರಾ ಅನ್ನ ಸಾರು ನೆನಪಾದ್ರೆ ಬ್ಯಾಂಕಾಕಿನ ಫಾಹುರತ್ ಕಡೆ ಹೋಗಿ, ನಮ್ಮವರ ಬಟ್ಟೆ ಅಂಗಡಿ, ಗುರುದ್ವಾರ, ಚಾಯ್ ಎಲ್ಲ ಇದೆ. ಸೆವೆನ್ ಇಲೆವೆನಲ್ಲಿ ಬ್ರೆಡ್ ಮೊಸರು ತಗೊಳೋವಾಗ ಎಕ್ಸ್‌ಪೈರಿ 2569 ಅಂತ ನೋಡಿ ಗಾಬರಿ ಆಗ್ಬೇಡಿ, ಅದು ಬುದ್ಧ ವರ್ಷ, 543 ಕಳೀರಿ.

ಮಾಡಬಾರದ್ದು

ಚಪ್ಪಲಿ ಬಿಟ್ಟು ಒಳಗೆ ಹೋಗೋದು, ದೇವರ ಕಡೆ ಕಾಲು ಚಾಚದೇ ಇರೋದು ನಮಗೆ ಹೇಳ್ಕೊಡ್ಬೇಕಿಲ್ಲ. ಮಕ್ಕಳ ತಲೆ ಸವರ್ಬೇಡಿ, ಹೆಂಗಸರು ಭಿಕ್ಷುಗಳನ್ನ ಮುಟ್ಟೋಹಾಗಿಲ್ಲ, ಕೈಗೆ ನೇರವಾಗಿ ಏನೂ ಕೊಡೋಹಾಗಿಲ್ಲ. ರಾಜಮನೆತನದ ಬಗ್ಗೆ ತಮಾಷೆ ಬೇಡ, ಕನ್ನಡದಲ್ಲೂ ಬೇಡ, ಫೇಸ್‌ಬುಕ್ಕಲ್ಲೂ ಬೇಡ, ಮೂರರಿಂದ ಹದಿನೈದು ವರ್ಷ ಜೈಲು ಇರೋ ಕಾನೂನು ಅದು. ಬೆಳಗ್ಗೆ ಎಂಟು, ಸಂಜೆ ಆರಕ್ಕೆ ರಾಷ್ಟ್ರಗೀತೆ ಬಂದ್ರೆ ಎಲ್ಲರ ಹಾಗೆ ನಿಂತ್ಕೊಳಿ. ವೇಪ್ ಇಟ್ಕೊಂಡೋರು ಮನೇಲೇ ಬಿಟ್ಟು ಹೋಗಿ, ಅಲ್ಲಿ ಕಾನೂನುಬಾಹಿರ.

ಗ್ರ್ಯಾಂಡ್ ಪ್ಯಾಲೆಸ್ ಹತ್ರ ನೀಟಾಗಿ ಡ್ರೆಸ್ ಮಾಡ್ಕೊಂಡಿರೋ ಒಬ್ಬ ಬಂದು "ಇವತ್ತು ಕ್ಲೋಸ್, ಬೇರೆ ದೇವಸ್ಥಾನಕ್ಕೆ ಕರ್ಕೊಂಡು ಹೋಗ್ತೀನಿ" ಅಂತಾನೆ, ಅವನು ಹತ್ತಿಸೋ ತುಕ್‌ತುಕ್, ಅಂದ್ರೆ ಅಲ್ಲಿಯ ಆಟೋ, ನಿಲ್ಲೋದು ರತ್ನದ ಅಂಗಡಿ ಮುಂದೆ. ಕಿವಿಗೆ ಹಾಕ್ಕೊಳ್ದೆ ಗೇಟ್‌ವರೆಗೆ ನಡೀರಿ. ಬೈಕ್ ಬಾಡಿಗೆಗೆ ಪಾಸ್‌ಪೋರ್ಟ್ ಒತ್ತೆ ಇಡ್ಬೇಡಿ, ಓಡಿಸ್ಲೇಬೇಕಂದ್ರೆ ಹೊರಡೋ ಮುಂಚೆ ಇಲ್ಲಿ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿ, ಅದರಲ್ಲಿ ಟೂವೀಲರ್ ಇರ್ಬೇಕು, ಇಲ್ಲಾಂದ್ರೆ ಬಿದ್ದಾಗ ಟ್ರಾವೆಲ್ ಇನ್ಶೂರೆನ್ಸ್‌ನವರು ಕೈ ಎತ್ತಿಬಿಡ್ತಾರೆ.

ವಾಪಸ್ ಬರೋವಾಗ ದೊಡ್ಡ ಬುದ್ಧನ ವಿಗ್ರಹ ತರೋ ಆಸೆ ಇದ್ರೆ ಅಲ್ಲಿಯ ಫೈನ್ ಆರ್ಟ್ಸ್ ಇಲಾಖೆ ಪರ್ಮಿಷನ್ ಬೇಕು, ಕೇಳದೇ ತಂದ್ರೆ ಏರ್‌ಪೋರ್ಟಲ್ಲಿ ಹಿಡೀತಾರೆ. ದುರಿಯನ್ ಹಣ್ಣು ಹೋಟೆಲ್ ರೂಮಿಗೇ ಬಿಡಲ್ಲ ವಾಸನೆಗೆ, ಚಿಪ್ಸ್ ಮಾಡಿದ್ದು ತಗೊಳಿ. ಸುವರ್ಣಭೂಮಿಯಲ್ಲಿ ಇಮಿಗ್ರೇಷನ್ ದಾಟಿದ ಮೇಲೆ ಸಮುದ್ರಮಥನದ ದೊಡ್ಡ ಮೂರ್ತಿ ಇದೆ, ಈ ಕಡೆ ದೇವತೆಗಳು ಆ ಕಡೆ ಅಸುರರು ವಾಸುಕಿನ ಎಳೀತಿರ್ತಾರೆ, ಫ್ಲೈಟಿಗೆ ಒಂದರ್ಧ ಗಂಟೆ ಎಕ್ಸ್‌ಟ್ರಾ ಇಟ್ಕೊಂಡು ಬನ್ನಿ, ಡ್ಯೂಟಿ ಫ್ರೀ ಆಮೇಲೆ.